ಪದ್ಮಿನಿಯ ಹಿಂದೆ ಬೇರೆ ಕಾರಿನ ಕಾಯಿಲೋವರ್ ಕೂರುತ್ತಾ?

ಪಿಂಪ್ರಿ_ಪದ್ಮಿನಿ:
ನಮಸ್ಕಾರ. ನಾನು ಹುಬ್ಬಳ್ಳಿಯವನು, ಈಗ ಪುಣೆ ಪಕ್ಕದ ಪಿಂಪ್ರಿಯಲ್ಲಿದ್ದೇನೆ. ಹಳೆಯ ಪ್ರೀಮಿಯರ್ ಪದ್ಮಿನಿ ಒಂದನ್ನು ರಜೆ ಸಿಕ್ಕಾಗಲೆಲ್ಲ ರೆಡಿ ಮಾಡುತ್ತಿದ್ದೇನೆ. ಎಂಜಿನ್ ಆಯಿತು, ತಲೆನೋವು ಹಿಂದುಗಡೆ. ಇಬ್ಬರು ಕೂತರೆ ಸಾಕು, ಡಿಕ್ಕಿ ಕುಸಿಯುತ್ತದೆ. ಕಾತ್ರಜ್ ಘಾಟಿನ ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಮುಂಬೈನ ಕುರ್ಲಾದ ಗುಜರಿಯಲ್ಲಿ ಒಂದು ಜೋಡಿ ಕಾಯಿಲೋವರ್ (ಸುತ್ತ ಸ್ಪ್ರಿಂಗ್ ಇರುವ ಶಾಕ್ ಅಬ್ಸಾರ್ಬರ್) ಸಿಕ್ಕಿತು, ಯಾವುದೋ ಬೇರೆ ಕಾರಿನದು. ಉದ್ದ ಹೆಚ್ಚುಕಡಿಮೆ ಸರಿಯಿದೆ, ತೂತು ಮಾತ್ರ ದೊಡ್ಡದು. ತೂತಿಗೆ ಕೂರುವ ಬುಷ್ (ಒಳಬಳೆ) ಮಾಡಿಸಿ ಹಳೆಯ ಶಾಕ್ ಜಾಗಕ್ಕೆ ಹಾಕಿದರೆ ಡಿಕ್ಕಿ ಏಳುತ್ತದೆ ಅಲ್ವಾ?

ಥಾಣೆ_ಮಂದಿ:
ಕುರ್ಲಾದಲ್ಲೇ ತಯಾರಾದ ಕಾರಿಗೆ ಕುರ್ಲಾಕ್ಕೇ ಹೋಗಿ ಬೇರೆ ಕಾರಿನ ಶಾಕ್ ತಂದಿರಾ! ಹಾಕಿ ನೋಡಿ ಸರ್, ಏಳುತ್ತದೆ.

ಭೋಸರಿ_ಲೇತ್:
ಏಳುತ್ತದೆ, ಅದೇ ತೊಂದರೆ. ಲೇತ್‌ನಲ್ಲಿ ಬುಷ್ ತಿರುಗಿಸುವುದು ನನ್ನ ದಿನದ ಕೆಲಸ. ಆದರೆ ಈ ಕೆಲಸಕ್ಕೆ ಬಂದರೆ ವಾಪಸ್ ಕಳಿಸುತ್ತೇನೆ.

ಪದ್ಮಿನಿಯ ಹಿಂದೆ ಭಾರ ಹೊರುವುದು ಕಮಾನು ಪಟ್ಟಿ, ಅಂದರೆ ಉಕ್ಕಿನ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್. ಭಾರವೆಲ್ಲ ಪಟ್ಟಿಯ ಎರಡು ತುದಿಗಳಿಂದ ಬಾಡಿಗೆ ಹೋಗುತ್ತದೆ. ಶಾಕ್‌ನ ಕೆಲಸ ಕುಣಿತ ತಡೆಯುವುದಷ್ಟೇ. ಅದರ ಬೋಲ್ಟು, ಅದನ್ನು ಹಿಡಿದ ತಗಡು, ಎರಡೂ ಅಷ್ಟಕ್ಕೇ ಮಾಡಿದ್ದು. ಕಾಯಿಲೋವರ್ ಹಾಕಿದರೆ ಸ್ಪ್ರಿಂಗಿನ ಭಾರ ಅಲ್ಲಿಗೆ ಬೀಳುತ್ತದೆ. ಪದ್ಮಿನಿಯ ತಯಾರಿಕೆ ನಿಂತದ್ದು 2000ದ ಆಸುಪಾಸಿನಲ್ಲಿ. ಅಂದರೆ ಎಲ್ಲಕ್ಕಿಂತ ಹೊಸ ಕಾರಿನ ತಗಡಿಗೂ ಇಷ್ಟು ವಯಸ್ಸಾಗಿದೆ, ಒಳಗೆ ತುಕ್ಕು ಎಷ್ಟಿದೆಯೋ. ಗುಂಡಿಗೆ ಒಮ್ಮೆ ಜೋರಾಗಿ ಬಿದ್ದರೆ ಬೋಲ್ಟಿನ ಸುತ್ತ ಬಿರುಕು ಬಿಡುತ್ತದೆ.

ಮೊದಲು ಪಟ್ಟಿ ಇಳಿಸಿ ನೋಡಿ. ಎಲೆ ಮುರಿದಿದೆಯಾ, ಎಲೆಗಳನ್ನು ಹಿಡಿದ ಸೆಂಟರ್ ಬೋಲ್ಟ್ ತುಂಡಾಗಿದೆಯಾ, ಪಟ್ಟಿಯ ತುದಿಯನ್ನು ಬಾಡಿಗೆ ಸೇರಿಸುವ ಶ್ಯಾಕಲ್‌ನ ಬುಷ್ ಸವೆದಿದೆಯಾ. ಮುರಿದ ಎಲೆಗೆ ವೆಲ್ಡಿಂಗ್ ಬೇಡವೇ ಬೇಡ. ಬರೀ ಚಪ್ಪಟೆ ಆಗಿದ್ದರೆ ಕಮಾನು ಕೆಲಸದವರ ಹತ್ತಿರ ಬಾಗು ಹಾಕಿಸಿ. ಇಲ್ಲೊಂದು ಮಾತು: ಸುಮ್ನೆ ಸುತ್ತಿಗೆಯಲ್ಲಿ ಬಡಿದು ಕೊಟ್ಟರೆ ಬೇಗ ಮತ್ತೆ ಕೂರುತ್ತದೆ. ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದಕ್ಕೆ ಕಾಯಿಸುವವರನ್ನೇ ಹುಡುಕಿ. ಕೂಲಿ ಜಾಸ್ತಿ ಕೇಳುತ್ತಾರೆ, ಕೊಡಿ. ಜೋಡಿಸುವಾಗ ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಹಾಕಿ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕಾರು ಚಕ್ರದ ಮೇಲೆ ನಿಂತ ಮೇಲೆ ಬಿಗಿ ಮಾಡಿ. ಜಾಕ್ ಮೇಲೆ ತೂಗಾಡುವಾಗ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಆಮೇಲೆ ಬೇರೆ ಶಾಕ್ ಬೇಕಾದರೆ ಹುಡುಕಿ. ಆದರೆ "ಹೆಚ್ಚುಕಡಿಮೆ ಸರಿ" ಸಾಲದು. ಬಾಡಿ ಎತ್ತಿ ಆಕ್ಸಲ್ ಪೂರ್ತಿ ಇಳಿಬಿಡಿ, ಮೇಲಿನ ಬೋಲ್ಟಿಂದ ಕೆಳಗಿನದಕ್ಕೆ ಅಳೆಯಿರಿ. ಶಾಕ್ ಪೂರ್ತಿ ಎಳೆದಾಗ ಅದಕ್ಕಿಂತ ಉದ್ದ ಇರಬೇಕು. ಆಕ್ಸಲ್ ಮೇಲೆದ್ದು ರಬ್ಬರ್ ಸ್ಟಾಪಿಗೆ ತಾಗಿದಾಗ ಮತ್ತೆ ಅಳೆಯಿರಿ. ಶಾಕ್ ಪೂರ್ತಿ ಒತ್ತಿದಾಗ ಅದಕ್ಕಿಂತ 15-20 ಮಿಲಿಮೀಟರ್ ಗಿಡ್ಡ ಇರಬೇಕು. ಇಲ್ಲವಾದರೆ ರಬ್ಬರ್ ತಿನ್ನಬೇಕಾದ ಪೆಟ್ಟನ್ನು ಶಾಕ್ ತಿನ್ನುತ್ತದೆ.

ಪಿಂಪ್ರಿ_ಪದ್ಮಿನಿ:
ಅಣ್ಣಾ, ಥ್ಯಾಂಕ್ಸ್. ಪಟ್ಟಿ ಮಾಡಿಸುತ್ತೇನೆ. ದುಡ್ಡು ಕೊಟ್ಟು ತಂದಿದ್ದೇನಲ್ಲ, ಸ್ಪ್ರಿಂಗ್ ಕಿತ್ತು ಬರೀ ಅದರ ಶಾಕ್ ಹಾಕಬಹುದಾ?

ಭೋಸರಿ_ಲೇತ್:
ಅದೂ ಬೇಡ. ಆ ಶಾಕ್ ಗಟ್ಟಿ ಸ್ಪ್ರಿಂಗ್ ಹಿಡಿಯಲು ಮಾಡಿದ್ದು. ಸ್ಪ್ರಿಂಗ್ ಎಷ್ಟು ಗಟ್ಟಿಯೋ ವಾಪಸ್ ಬರುವಾಗ ಅಷ್ಟು ಬಿಗಿಯಾಗಿ ತಡೆಯುತ್ತದೆ. ನಿಮ್ಮ ಪಟ್ಟಿ ಮೆತ್ತಗಿನದು, ಮೇಲಾಗಿ ಎಲೆ-ಎಲೆ ಉಜ್ಜಿಯೇ ಸ್ವಲ್ಪ ಕುಣಿತ ತಡೆಯುತ್ತದೆ. ಸಾಲು ಸ್ಪೀಡ್ ಬ್ರೇಕರ್ ಬಂತು ಅನ್ನಿ. ಒಂದರಲ್ಲಿ ಕುಗ್ಗಿದ ಪಟ್ಟಿ ಏಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಡಿಕ್ಕಿ ಇನ್ನೂ ಕೆಳಗೇ ಹೋಗುತ್ತದೆ. ಆ ಜೋಡಿ ಮಾರಿಬಿಡಿ. ಹಳೆಯ ಯು-ಬೋಲ್ಟ್ ಒಂದನ್ನು ಸ್ಯಾಂಪಲ್‌ಗೆ ಹಿಡಿದುಕೊಂಡು ಪುಣೆಯ ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಿಗೆ ಹೋಗಿ, ಬರೀ ಅಳತೆ ಹೇಳಿ ತರಬೇಡಿ.