ಸೀಸ ಕಾಯಿಸುವ ಕೆಲಸಕ್ಕೂ ಮನಸ್ಸಿನ ಬದಲಾವಣೆಗೂ ಸಂಬಂಧವಿದೆಯೇ?

ಪ್ರಶ್ನೆ: ಗೃಹಿಣಿ, ಮಲ್ಪೆ

ನನ್ನ ಯಜಮಾನರು ನಾಲ್ಕು ವರ್ಷಗಳಿಂದ ಇಲ್ಲಿಯ ಒಂದು ಶೆಡ್ಡಿನಲ್ಲಿ ಹಳೆಯ ಬ್ಯಾಟರಿಗಳ ಸೀಸವನ್ನು ಕಾಯಿಸಿ, ಮೀನಿನ ಬಲೆಗೆ ಕಟ್ಟುವ ಗುಂಡುಗಳನ್ನು ಎರಕ ಹೊಯ್ಯುತ್ತಾರೆ. ಎಷ್ಟೇ ದಣಿದು ಬಂದರೂ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಡಲ ಬದಿಗೆ ಹೋಗುತ್ತಿದ್ದವರು, ಈ ಒಂದು ವರ್ಷದಿಂದ ಅವನು ಚಮಚ ಬೀಳಿಸಿದರೂ ಸಿಡುಕುತ್ತಾರೆ. ಆಮೇಲೆ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಾರೆ. ರಾತ್ರಿ ನಿದ್ರೆಯಿಲ್ಲ, ಹೇಳಿದ ಮಾತು ನೆನಪಿನಲ್ಲಿ ನಿಲ್ಲುವುದಿಲ್ಲ, ಆಗಾಗ ಹೊಟ್ಟೆನೋವು ಮತ್ತು ಮಲಬದ್ಧತೆ ಬೇರೆ. ತೋರಿಸಿದ ವೈದ್ಯರು ನಿದ್ರೆಯ ಮಾತ್ರೆ ಬರೆದುಕೊಟ್ಟರೇ ಹೊರತು ಏನು ಕೆಲಸ ಮಾಡುತ್ತೀರಿ ಎಂದು ಕೇಳಲಿಲ್ಲ. ನೆಂಟರು ದೃಷ್ಟಿ ತಾಗಿದೆ ಎನ್ನುತ್ತಾರೆ. ಇದಕ್ಕೆ ಕೆಲಸವೇ ಕಾರಣವಿರಬಹುದೇ?

ಉತ್ತರ: ವೈದ್ಯೆ, ಮಂಗಳೂರು

ಇರಬಹುದು, ಪರೀಕ್ಷೆ ಮಾಡಿಸದೆ ಬಿಡಬೇಡಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಉರಿ ಜೋರಾದಷ್ಟೂ ಹೊಗೆ ಹೆಚ್ಚುತ್ತದೆ, ಮೇಲೆ ಕಟ್ಟಿದ ಕಿಟ್ಟವನ್ನು ಕೆರೆದು ತೆಗೆಯುವಾಗ ನುಣ್ಣನೆಯ ಧೂಳು ಏಳುತ್ತದೆ. ಉಸಿರಿನ ಮೂಲಕವೂ, ಸರಿಯಾಗಿ ತೊಳೆಯದ ಕೈಯಿಂದ ಉಣ್ಣುವ ಅನ್ನದ ಮೂಲಕವೂ ಒಳಸೇರುವ ಸೀಸ, ದೇಹದಲ್ಲಿ ಕ್ಯಾಲ್ಸಿಯಂನ ಜಾಗವನ್ನು ಆಕ್ರಮಿಸಿ ನರಕೋಶಗಳ ನಡುವಿನ ಸಂದೇಶ ವಿನಿಮಯವನ್ನು ಕೆಡಿಸುತ್ತದೆ. ಸಿಡುಕು, ಖಿನ್ನತೆ, ಮರೆವು, ನಿದ್ರಾಹೀನತೆ ಇವೆಲ್ಲ ಬೇರೆ ಕಾರಣಗಳಿಂದಲೂ ಬರುತ್ತವೆ, ನಿಜ. ಆದರೆ ಜೊತೆಯಲ್ಲಿ ಹೊಟ್ಟೆನೋವು ಮತ್ತು ಮಲಬದ್ಧತೆಯೂ ಇರುವುದರಿಂದ ನನ್ನ ಅನುಮಾನ ಬಲವಾಗಿದೆ.

ರಕ್ತದಲ್ಲಿ ಸೀಸದ ಪ್ರಮಾಣವನ್ನು ಅಳೆಯುವ ಪರೀಕ್ಷೆಯನ್ನೇ ಕೇಳಿ ಮಾಡಿಸಿ, ಏಕೆಂದರೆ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಕಂಡರೆ ಅದರ ಮೂಲವನ್ನು ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ರಕ್ತದಲ್ಲಿರುವ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಸಾಕು, ಮೂಳೆಯಲ್ಲಿ ಕೂತದ್ದು ದಶಕಗಳ ಕಾಲ ಉಳಿಯುತ್ತದೆ. ಆದ್ದರಿಂದ ದೀರ್ಘ ರಜೆಯ ಬಳಿಕ ಬಂದ ಕಡಿಮೆ ಅಂಕಿಯನ್ನು ನೋಡಿ ನಿಶ್ಚಿಂತರಾಗಬೇಡಿ. ಸೀಸವನ್ನು ಹೊರಹಾಕುವ ಔಷಧಿಗಳಿವೆ, ಆದರೆ ಅದೇ ಹೊಗೆಯಲ್ಲಿ ನಿಂತುಕೊಂಡು ಅವನ್ನು ತೆಗೆದುಕೊಳ್ಳುವುದು ಸರಿಯಲ್ಲ. ನಿದ್ರೆಯ ಮಾತ್ರೆಯನ್ನು ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಬೇಡಿ.

ಉತ್ತರ: ಹಿಂದಿನ ಬ್ಯಾಟರಿ ಕಾರ್ಮಿಕ, ಬೈಕಂಪಾಡಿ

ತಂಗಿ, ನಿಮ್ಮ ಯಜಮಾನರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ನಾನು ಕೆಲಸ ಮಾಡುತ್ತಿದ್ದಲ್ಲಿ ದಿನಾ ಸಂಜೆ ಒಂದು ತುಂಡು ಬೆಲ್ಲ ಮತ್ತು ಬಾಳೆಹಣ್ಣು ಕೊಡುತ್ತಿದ್ದರು. ವಿಷ ಇಳಿಯುತ್ತದೆ ಎಂದು ನಾವೂ ನಂಬಿದ್ದೆವು. ಅದರಿಂದ ಏನೂ ಇಳಿಯಲಿಲ್ಲ. ಬುತ್ತಿಯ ಮುಚ್ಚಳದ ಅಂಚಿನಲ್ಲಿ ಬೂದು ಬಣ್ಣದ ಧೂಳು ಕೂತಿರುತ್ತಿತ್ತು, ಅದನ್ನು ಲುಂಗಿಯ ತುದಿಯಿಂದ ಒರೆಸಿ ಗಂಜಿ ಉಣ್ಣುತ್ತಿದ್ದೆವು. ಹೆಂಡತಿಯ ಮೇಲೆ ಕೈ ಎತ್ತಿದ ದಿನ ನಾನು ಕೆಟ್ಟ ಮನುಷ್ಯನಾಗಿಬಿಟ್ಟೆ ಎಂದೇ ತಿಳಿದೆ. ಕೆಲಸ ಬಿಟ್ಟು ಹಲವು ತಿಂಗಳು ಕಳೆದ ಮೇಲೆ ನಿದ್ರೆ ಹತ್ತಿತು, ಮರೆವು ಮಾತ್ರ ಪೂರ್ತಿ ಹೋಗಿಲ್ಲ.

ಒಂದು ವಿಷಯ ಯಾರೂ ಹೇಳಲಿಲ್ಲ: ಅವರ ಕೆಲಸದ ಬಟ್ಟೆ ಮನೆಯೊಳಗೆ ಬರಬಾರದು, ಮಗುವಿನ ಬಟ್ಟೆಯೊಂದಿಗೆ ಅದನ್ನು ಒಗೆಯಲೂಬಾರದು. ಮಗನ ರಕ್ತವನ್ನೂ ಪರೀಕ್ಷೆ ಮಾಡಿಸಿ.

ಉತ್ತರ: ಕಾರ್ಮಿಕ ಸಂಘದ ಸದಸ್ಯ, ಉಡುಪಿ

1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಸೀಸದ ವಿಷಬಾಧೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ. ಪರೀಕ್ಷೆಯ ವರದಿ, ಸಂಬಳದ ಚೀಟಿ, ಕೆಲಸಕ್ಕೆ ಸೇರಿದ ದಿನಾಂಕ ಇವನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳಿ. ಪರಿಹಾರ ಕೇಳುವಾಗ ಇವೇ ಆಧಾರ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಬೈಕಂಪಾಡಿಯ ಅಣ್ಣ ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ನಾಳೆ ಮೂವರೂ ರಕ್ತ ಕೊಟ್ಟು ಬರೋಣ ಎಂದರು. ಅವರ ಅಂಗಿಯನ್ನು ಹಿತ್ತಲಿನಲ್ಲಿ ಬೇರೆ ಬಕೆಟಿಗೆ ಹಾಕಿದ್ದೇನೆ.