ಧೂಳಿನ ಕೆಲಸ ಬಿಟ್ಟು ನಾಲ್ಕು ವರ್ಷ ಆಯಿತು, ಸಿಲಿಕೋಸಿಸ್ ಯಾಕೆ ನಿಂತಿಲ್ಲ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಮ್ಮಣ್ಣ ಹದಿನಾರು ವರ್ಷ ಮೆಷಿನ್‌ನಲ್ಲಿ ಕಲ್ಲು ಕೊಯ್ಯುವ ಕೆಲಸ ಮಾಡಿದ. ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಅಂತ ಗೊತ್ತಾದ ತಕ್ಷಣ ಬಿಟ್ಟ, ಅದಾಗಿ ನಾಲ್ಕು ವರ್ಷ. ಈ ಸಲದ ಸಿಟಿ ಸ್ಕ್ಯಾನ್‌ನಲ್ಲಿ ನೋಡಿದರೆ ಗಂಟುಗಳು ಜಾಸ್ತಿಯಾಗಿವೆ. ಧೂಳೇ ಒಳಗೆ ಹೋಗುತ್ತಿಲ್ಲ, ಮತ್ತೆ ರೋಗ ಬೆಳೆಯುವುದು ಹೇಗೆ? ಇಮ್ಯುನಿಟಿ ಹೆಚ್ಚಿಸುವ ಪುಡಿ ಕೊಡು ಅಂತ ಎಲ್ಲರೂ ಹೇಳುತ್ತಾರೆ, ಕೊಡಲಾ?

ಉತ್ತರ (ಶ್ವಾಸಕೋಶ ತಜ್ಞೆ): ಪುಡಿ ಬೇಡ, ಸುಮ್ನೆ ದುಡ್ಡು ದಂಡ. ನಿಮ್ಮಣ್ಣನಿಗೆ ಇಮ್ಯುನಿಟಿ ಕಡಿಮೆಯಾಗಿ ಈ ರೋಗ ಬಂದದ್ದಲ್ಲ. ಇಮ್ಯುನಿಟಿ ಬಿಡದೆ ಕೆಲಸ ಮಾಡುತ್ತಲೇ ಇರುವುದರಿಂದ ಬಂದದ್ದು.

ದಪ್ಪ ಧೂಳು ಮೂಗು, ಗಂಟಲಲ್ಲೇ ಸಿಕ್ಕಿಕೊಂಡು ಕಫದ ಜೊತೆ ಹೊರಗೆ ಬರುತ್ತದೆ. 5 ಮೈಕ್ರಾನ್‌ಗಿಂತ ಸಣ್ಣದು, ಅಂದರೆ ಕಣ್ಣಿಗೇ ಕಾಣದ್ದು, ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಇಳಿಯುತ್ತದೆ. ಅಲ್ಲಿ ಕಾವಲಿಗೆ ಮ್ಯಾಕ್ರೋಫೇಜ್ ಅನ್ನುವ ಜೀವಕೋಶಗಳಿವೆ. ಸಿಕ್ಕಿದ್ದನ್ನು ನುಂಗಿ ಅರಗಿಸುವುದೇ ಅವುಗಳ ಕೆಲಸ. ಬ್ಯಾಕ್ಟೀರಿಯಾ ಆದರೆ ಅರಗುತ್ತದೆ, ಆದರೆ ಈ ಧೂಳಿನಲ್ಲಿರುವ ಸಿಲಿಕಾ ಅನ್ನುವುದು ಕಲ್ಲು, ಕಲ್ಲನ್ನು ಅರಗಿಸುವುದು ಯಾರಿಗೆ ಸಾಧ್ಯ ಹೇಳಿ.

ನುಂಗಿದ ಕಣ ಜೀವಕೋಶದೊಳಗಿನ ಲೈಸೋಸೋಮ್‌ಗೆ ಹೋಗುತ್ತದೆ. ಅದು ಅರಗಿಸುವ ರಸ ತುಂಬಿದ ಚೀಲ. ಸಿಲಿಕಾದ ಮೇಲ್ಮೈ ಆ ಚೀಲದ ಪೊರೆಯನ್ನು ಹಾಳುಮಾಡುತ್ತದೆ, ರಸ ಒಳಗೇ ಸೋರುತ್ತದೆ. ಆಗ ಎನ್‌ಎಲ್‌ಆರ್‌ಪಿ3 ಅನ್ನುವ ಎಚ್ಚರಿಕೆ ಗಂಟೆ ಬಾರಿಸಿದಂತಾಗಿ ಇಂಟರ್‌ಲ್ಯೂಕಿನ್-1 ಬೀಟಾ ಅನ್ನುವ, ಸಹಾಯಕ್ಕೆ ಕರೆಯುವ ರಾಸಾಯನಿಕ ಹೊರಗೆ ಬರುತ್ತದೆ. ಸಿಲಿಕಾಗೂ ಈ ಗಂಟೆಗೂ ನಂಟಿದೆ ಅಂತ ಖಚಿತವಾಗಿದ್ದು 2008ರಲ್ಲಿ. ಆ ಕರೆ ಕೇಳಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಬರುತ್ತವೆ, ಉರಿಯೂತ ಏಳುತ್ತದೆ. ಹಿಂದೆಯೇ ಫೈಬ್ರೋಬ್ಲಾಸ್ಟ್ ಅನ್ನುವ ಜೀವಕೋಶಗಳು ಬಂದು ಗಾಯ ಮುಚ್ಚುವ ಹಾಗೆ ಕೊಲಾಜೆನ್ ಅನ್ನುವ ಗಟ್ಟಿ ನಾರು ನೇಯುತ್ತವೆ. ಸ್ಕ್ಯಾನ್‌ನಲ್ಲಿ ಕಂಡ ಗಂಟುಗಳು ಅವೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಣ ನುಂಗಿದ ಮ್ಯಾಕ್ರೋಫೇಜ್ ಸಾಯುತ್ತದೆ, ಕಣ ಮಾತ್ರ ಹಾಗೇ ಉಳಿಯುತ್ತದೆ. ಇನ್ನೊಂದು ಮ್ಯಾಕ್ರೋಫೇಜ್ ಬಂದು ಅದನ್ನೇ ನುಂಗುತ್ತದೆ, ಅದೂ ಸಾಯುತ್ತದೆ, ಮತ್ತೊಂದು ಬರುತ್ತದೆ. ಹೊಸ ಧೂಳು ಬೇಕಾಗೇ ಇಲ್ಲ. ಹಾಗಂತ ಕೆಲಸ ಬಿಟ್ಟದ್ದು ವ್ಯರ್ಥ ಅಂದುಕೊಳ್ಳಬೇಡಿ, ಒಳಗಿರುವ ಧೂಳು ಹೆಚ್ಚಾದಷ್ಟೂ ರೋಗದ ಓಟ ಜಾಸ್ತಿ.

ಇನ್ನೊಬ್ಬ ಸದಸ್ಯರು: ಎಲ್ಲಾ ಧೂಳೂ ಹೀಗೇನಾ ಮೇಡಂ? ನಾನು ಹಿಂದೆ ಕಲ್ನಾರು (ಆಸ್ಬೆಸ್ಟಾಸ್) ಹಾಳೆ ಕತ್ತರಿಸುತ್ತಿದ್ದೆ.

ಉತ್ತರ: ಇಲ್ಲ, ಒಂದೊಂದರದ್ದು ಒಂದೊಂದು ದಾರಿ. ಕಲ್ನಾರಿನ ಎಳೆ ಕೆಲವೊಮ್ಮೆ ಮ್ಯಾಕ್ರೋಫೇಜ್‌ಗಿಂತಲೂ ಉದ್ದ ಇರುತ್ತದೆ, ಅರ್ಧ ನುಂಗಿ ಬಾಯಿ ಮುಚ್ಚಲಾಗದೆ ಒದ್ದಾಡುತ್ತಾ ಅರಗಿಸುವ ರಸವನ್ನು ಸುತ್ತಲೂ ಚೆಲ್ಲುತ್ತದೆ. ಬೆರಿಲಿಯಂ ಅನ್ನುವ ಲೋಹದ ಧೂಳು ಇನ್ನೂ ವಿಚಿತ್ರ. ಅಲ್ಲಿ ಇಮ್ಯುನಿಟಿಯ ಟಿ ಕೋಶಗಳು ಅದನ್ನು ನೆನಪಿಟ್ಟುಕೊಂಡು ತಿರುಗಿಬೀಳುತ್ತವೆ, ರಕ್ತ ಪರೀಕ್ಷೆಯಲ್ಲೇ ಅದು ಗೊತ್ತಾಗುತ್ತದೆ. ನಿಮ್ಮ ವಿಷಯಕ್ಕೆ ಬಂದರೆ, ಕಲ್ನಾರಿನ ತೊಂದರೆ ದಶಕಗಳ ನಂತರವೂ ಕಾಣಿಸಿಕೊಳ್ಳಬಹುದು. ಬೀಡಿ ಸಿಗರೇಟು ಇದ್ದರೆ ಬಿಡಿ, ಎರಡೂ ಸೇರಿದರೆ ಶ್ವಾಸಕೋಶ ಕ್ಯಾನ್ಸರಿನ ಅಪಾಯ ತುಂಬಾ ಹೆಚ್ಚುತ್ತದೆ.

ಪ್ರಶ್ನೆ ಕೇಳಿದವರು: ಹಾಗಾದರೆ ಇಮ್ಯುನಿಟಿ ತಗ್ಗಿಸುವ ಸ್ಟೀರಾಯ್ಡ್ ಕೊಟ್ಟರೆ ಆಗಲ್ವಾ? ಇನ್ನೊಂದು ವಿಷಯ, ಅಣ್ಣನಿಗೆ ಬೆಳಿಗ್ಗೆ ಎದ್ದಾಗ ಬೆರಳ ಗಂಟುಗಳು ಬಿಗಿದುಕೊಂಡಿರುತ್ತವೆ. ವಯಸ್ಸಾಯಿತು ಅಂತ ಸುಮ್ಮನಿದ್ದೇವೆ.

ಉತ್ತರ: ಯೋಚನೆ ಸರಿಯಾಗಿದೆ, ಆದರೆ ಸಾಮಾನ್ಯ ಸಿಲಿಕೋಸಿಸ್‌ನಲ್ಲಿ ಸ್ಟೀರಾಯ್ಡ್‌ನಿಂದ ಲಾಭ ಸಾಬೀತಾಗಿಲ್ಲ. ಕೂತುಬಿಟ್ಟ ಕೊಲಾಜೆನ್ ಅದರಿಂದ ಕರಗುವುದಿಲ್ಲ. ಮೇಲಿಂದ ಟಿಬಿ ಭಯ ಬೇರೆ. ಟಿಬಿ ಬ್ಯಾಕ್ಟೀರಿಯಾವನ್ನು ಹಿಡಿದಿಡಬೇಕಾದದ್ದೂ ಇದೇ ಮ್ಯಾಕ್ರೋಫೇಜ್, ಅದೇ ಸೋತು ಕೂತಿದೆ. ಹಾಗಾಗಿ ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು. ಕೆಮ್ಮು ಜಾಸ್ತಿಯಾದರೆ, ಸಂಜೆ ಜ್ವರ ಬಂದರೆ, ತೂಕ ಇಳಿದರೆ, ಹಳೇ ಕಾಯಿಲೆ ತಾನೇ ಅಂತ ಕಾಯಬೇಡಿ, ಕಫ ಪರೀಕ್ಷೆ ಮಾಡಿಸಿ. ಗಾಯದ ಕಲೆ ಹಬ್ಬುವ ವೇಗ ತಗ್ಗಿಸಲು ನಿಂಟೆಡಾನಿಬ್ ಅನ್ನುವ ಔಷಧಿ ಕೆಲವರಿಗೆ ಕೊಡುತ್ತಾರೆ. ಅಣ್ಣನಿಗೆ ಅದು ಬೇಕಾ ಬೇಡವಾ ಅನ್ನುವುದನ್ನು ಉಸಿರಾಟದ ಪರೀಕ್ಷೆಯ ಅಂಕಿಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಿದ ಡಾಕ್ಟರೇ ಹೇಳಬೇಕು, ನಾನಿಲ್ಲಿ ಕೂತು ಹೇಳಲಾಗದು.

ಬೆರಳಿನ ವಿಷಯ ಹೇಳಿದ್ದು ಒಳ್ಳೆಯದಾಯಿತು. ವಯಸ್ಸು ಅಂತ ಬಿಡಬೇಡಿ. ವರ್ಷಗಟ್ಟಲೆ ಕೆರಳಿದ ಇಮ್ಯುನಿಟಿ ಕೆಲವರಲ್ಲಿ ತನ್ನ ಮೈಯ ಮೇಲೇ ತಿರುಗುತ್ತದೆ. ಸಿಲಿಕಾ ಧೂಳು ಕುಡಿದವರಲ್ಲಿ ರುಮಟಾಯ್ಡ್ ಸಂಧಿವಾತ, ಚರ್ಮ ಬಿಗಿಯುವ ಸ್ಕ್ಲೆರೋಡರ್ಮಾ ಎರಡೂ ಹೆಚ್ಚು. ಬಿಗಿತ ಎಷ್ಟು ಹೊತ್ತು ಇರುತ್ತದೆ? ಚಳಿಗೆ ಬೆರಳು ಬೆಳ್ಳಗಾಗುತ್ತಾ? ಕೇಳಿ ಬರೆಯಿರಿ. ಹಾಗೇ ಈ ಕಾಯಿಲೆಗಳ ಸುಳಿವು ಹುಡುಕುವ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಎಎನ್‌ಎ ರಕ್ತ ಪರೀಕ್ಷೆ ಮಾಡಿಸಬೇಕಾ ಅಂತ ನಿಮ್ಮ ಡಾಕ್ಟರ್ ಹತ್ತಿರ ಕೇಳಿ.

ಪ್ರಶ್ನೆ ಕೇಳಿದವರು: ಈಗಲೇ ಕೇಳಿದೆ ಮೇಡಂ. ಒಂದು ಗಂಟೆಗಿಂತ ಜಾಸ್ತಿ ಇರುತ್ತಂತೆ. ಬೆರಳೂ ಬೆಳ್ಳಗಾಗುತ್ತಂತೆ, ನಮಗೆ ಹೇಳೇ ಇರಲಿಲ್ಲ.

ಉತ್ತರ: ಹಾಗಿದ್ದರೆ ಇದೇ ವಾರ ತೋರಿಸಿ.