‘ಮೂಲ’ ಎಂದರೆ ಮೂಲವ್ಯಾಧಿಯೆಂದೇ ಕೇಳಿಸುತ್ತದೆ: ಒಟ್ಟಿಗೆ ಕಂಡ ಎರಡು ಕ್ಯಾನ್ಸರ್‌ಗಳಿಗೆ ಪದ ಬೇಕಾಗಿದೆ

ಹಾಸನದ ಆಸ್ಪತ್ರೆಯೊಂದಕ್ಕಾಗಿ, ಜಠರದಲ್ಲೊಂದು ಮತ್ತು ದೊಡ್ಡ ಕರುಳಿನಲ್ಲೊಂದು ಕ್ಯಾನ್ಸರ್ ಒಟ್ಟಿಗೇ ಕಂಡುಬಂದವರಿಗೆ ಒಂದೇ ಅರಿವಳಿಕೆಯಲ್ಲಿ ಲ್ಯಾಪ್ರೋಸ್ಕೋಪಿಯ (ಸಣ್ಣ ತೂತುಗಳಿಂದ ಕ್ಯಾಮೆರಾ ಮತ್ತು ಉಪಕರಣ ಹಾಕಿ ಮಾಡುವ ಶಸ್ತ್ರಚಿಕಿತ್ಸೆಯ) ಮೂಲಕ ಎರಡನ್ನೂ ತೆಗೆಯುವ ಬಗೆಯನ್ನು ತಿಳಿಸುವ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ.

ತೊಡಕು ‘ಪ್ರೈಮರಿ’ (ಬೇರೆಡೆಯಿಂದ ಹರಡದೆ ಆ ಜಾಗದಲ್ಲೇ ಹುಟ್ಟಿದ ಕ್ಯಾನ್ಸರ್) ಎಂಬ ಮಾತಿನಿಂದಲೇ ಶುರುವಾಯಿತು. ‘ದೊಡ್ಡ ಕರುಳಿನ ಮೂಲ ಕ್ಯಾನ್ಸರ್’ ಎಂದು ಬರೆದು ಅರಕಲಗೂಡು ಕಡೆಯ ಹಿರಿಯರೊಬ್ಬರಿಗೆ ಓದಿ ಹೇಳಿದಾಗ, ಅವರು ‘ಮೂಲವ್ಯಾಧಿ ಕ್ಯಾನ್ಸರಿಗೆ ತಿರುಗಿತಾ?’ ಎಂದು ಕೇಳಿದರು. ತಪ್ಪು ಅವರದಲ್ಲ, ಕರುಳಿನ ಮಾತಿನ ನಡುವೆ ‘ಮೂಲ’ ಬಂದರೆ ನಮ್ಮವರ ಕಿವಿಗೆ ಬೀಳುವುದು ಅದೇ ಅರ್ಥ. ‘ಮೂಲ’ವನ್ನು ಬಿಟ್ಟು ‘ಎರಡು ಕಡೆ ಕ್ಯಾನ್ಸರ್’ ಎಂದರೆ ಇನ್ನೂ ಕೆಡುಕು, ಏಕೆಂದರೆ ಒಂದರಿಂದ ಇನ್ನೊಂದಕ್ಕೆ ಹರಡಿದೆ ಎಂದೇ ಮನೆಯವರು ತಿಳಿಯುತ್ತಾರೆ. ಇಲ್ಲಿ ಎರಡೂ ತಂತಮ್ಮ ಜಾಗದಲ್ಲಿ ಬೇರೆಬೇರೆಯಾಗಿ ಹುಟ್ಟಿದವು. ಒಂದು ಇನ್ನೊಂದರ ಹರಡುವಿಕೆಯಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ವೈದ್ಯರು ಎರಡನ್ನೂ ‘ಪ್ರೈಮರಿ’ ಎಂದು ಕರೆಯುತ್ತಾರೆ. ಸದ್ಯಕ್ಕೆ ‘ತಾನಾಗಿ ಹುಟ್ಟಿದ ಗಡ್ಡೆ’ ಎಂದು ಬರೆದಿದ್ದೇನೆ.

ಹೀಗೆ ಒಟ್ಟಿಗೇ ಕಂಡುಬಂದ ಕ್ಯಾನ್ಸರ್‌ಗಳಿಗೆ ವೈದ್ಯರು ಬಳಸುವ ‘ಸಿಂಕ್ರೊನಸ್’ಗೆ ‘ಅವಳಿ’ ಎಂದರೆ ಒಂದೇ ಬಸಿರಿನ ನಂಟು ಬಂದುಬಿಡುತ್ತದೆ, ‘ಜೋಡಿ’ಯಲ್ಲೂ ಅದೇ ದೋಷವಿದೆ. ‘ಏಕಕಾಲಿಕ’ ಅರ್ಥಕ್ಕೆ ಹತ್ತಿರವಾದರೂ, ಸಾಮಾನ್ಯವಾಗಿ 6 ತಿಂಗಳೊಳಗೆ ಎರಡನೆಯದು ಪತ್ತೆಯಾದರೂ ಈ ಹೆಸರೇ ಸಲ್ಲುವುದರಿಂದ (2 ತಿಂಗಳ ಗಡಿ ಹಾಕುವವರೂ ಇದ್ದಾರೆ) ‘ಏಕ’ ಎಂಬುದು ಕೊಂಚ ಬಿಗಿಯಾಯಿತೇನೋ.

ಇನ್ನು ಲ್ಯಾಪ್ರೋಸ್ಕೋಪಿಯಂಥ ‘ಮಿನಿಮಲಿ ಇನ್ವೇಸಿವ್’ ಶಸ್ತ್ರಚಿಕಿತ್ಸೆಗೆ ‘ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆ’ ಎಂಬ ಮಾತನ್ನು ನಾನು ಒಪ್ಪಲಾರೆ. ಆಕ್ರಮಣ ಮಾಡುವವನು ಹಗೆ, ವೈದ್ಯನಲ್ಲ. ವಾರ್ಡಿನಲ್ಲಿ ಜನ ‘ಹೊಟ್ಟೆ ಕುಯ್ಯದೆ ತೂತು ಹಾಕಿ ಮಾಡೋ ಆಪರೇಷನ್’ ಎನ್ನುತ್ತಾರೆ. ಎಷ್ಟೋ ಮೇಲು, ಆದರೆ ಪೂರ್ತಿ ನಿಜವಲ್ಲ: ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸಿ, 5ರಿಂದ 12 ಮಿಲಿಮೀಟರಿನ ತೂತುಗಳಿಂದ ಕೆಲಸ ನಡೆಸಿದರೂ, ಬಿಡಿಸಿದ ಜಠರದ ಮತ್ತು ಕರುಳಿನ ಭಾಗಗಳನ್ನು ಹೊರತೆಗೆಯಲು ಸಾಮಾನ್ಯವಾಗಿ ಕೆಲವು ಸೆಂಟಿಮೀಟರಿನ ಒಂದು ಸೀಳು ಬೇಕೇ ಬೇಕು. ಒಳಗೆ ತೆಗೆಯುವ ಅಂಗಭಾಗವಾಗಲಿ, ಅದರ ಸುತ್ತಲಿನ ದುಗ್ಧರಸ ಗ್ರಂಥಿಗಳಾಗಲಿ ಹೊಟ್ಟೆ ತೆರೆದು ಮಾಡುವುದಕ್ಕಿಂತ ಕಡಿಮೆಯಿರಬಾರದು. ಆದ್ದರಿಂದ ‘ಸಣ್ಣ ಆಪರೇಷನ್’ ಎಂಬ ಭಾವನೆ ಹುಟ್ಟಿಸುವ ಪದ ಒಪ್ಪಿಗೆ ಪತ್ರಕ್ಕೆ ಹೊಂದದು. ಚಿಕ್ಕದಾಗುವುದು ಗಾಯ ಮಾತ್ರ ಎಂಬ ಕಾರಣಕ್ಕೆ ‘ಕಿರುಗಾಯದ ಶಸ್ತ್ರಚಿಕಿತ್ಸೆ’ ಎಂದು ಇಟ್ಟುಕೊಂಡಿದ್ದೇನೆ.

‘ತಾನಾಗಿ ಹುಟ್ಟಿದ’ ಎಂಬುದನ್ನು ‘ಕಾರಣವೇ ಇಲ್ಲದೆ ಹುಟ್ಟಿದ’ ಎಂದು ಓದಿಕೊಳ್ಳುವ ಅಪಾಯವಿದೆಯೇ, ಇದ್ದರೆ ‘ಬಿಡಿಹುಟ್ಟಿನ’ ಎಂಬುದು ನಡೆದೀತೇ ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.